ಹಳೇ ಎಸ್‌ಯುವಿಯ ಬ್ರೇಕ್ ಕೆಲಸ: ಪದೇ ಪದೇ ಕೇಳುವ ಪ್ರಶ್ನೆಗಳು

ಹತ್ತು ಹದಿನೈದು ವರ್ಷ ಓಡಿದ ಸ್ಕಾರ್ಪಿಯೊ, ಬೊಲೆರೊ, ಸಫಾರಿ ನಮ್ಮ ಊರುಗಳಲ್ಲಿ ಇನ್ನೂ ಬೇಕಾದಷ್ಟಿವೆ. ಎಂಜಿನ್ ಚೆನ್ನಾಗಿದೆ, ಬಾಡಿ ಗಟ್ಟಿ ಇದೆ, ಮಾರೋಕೆ ಮನಸ್ಸಿಲ್ಲ. ಸರಿ. ಆದರೆ ಅಷ್ಟು ಭಾರದ ಗಾಡಿಯನ್ನು ನಿಲ್ಲಿಸುವ ಭಾಗಗಳಿಗೂ ಅಷ್ಟೇ ವಯಸ್ಸಾಗಿದೆ ಅನ್ನೋದು ಹೆಚ್ಚಿನವರಿಗೆ ನೆನಪಾಗುವುದು ಘಾಟಿ ಇಳಿಯುವಾಗ. ಇಲ್ಲಿನ ಉತ್ತರಗಳು ಮುಂದೆ ಡಿಸ್ಕ್, ಹಿಂದೆ ಡ್ರಮ್ ಇರುವ ಹಳೇ ಡೀಸೆಲ್ ಗಾಡಿಗಳಿಗೆ. ನಿಮ್ಮದರಲ್ಲಿ ನಾಲ್ಕೂ ಡಿಸ್ಕ್ ಇದ್ದರೆ ಡ್ರಮ್ ಬಗ್ಗೆ ಬರೆದದ್ದನ್ನು ಬಿಟ್ಟು ಓದಿ.

ಪ್ಯಾಡ್ ಸವೆದಿದೆ ಅಂತ ಗೊತ್ತಾಗೋದು ಹೇಗೆ?

ಮೊದಲು ಕಿವಿಗೆ ಗೊತ್ತಾಗುತ್ತದೆ. ಪ್ಯಾಡ್ ಅಂದರೆ ಡಿಸ್ಕನ್ನು ಎರಡೂ ಕಡೆಯಿಂದ ಅಮುಕಿ ಹಿಡಿಯುವ ತುಂಡು. ಬಹಳಷ್ಟು ಪ್ಯಾಡ್‌ಗಳಲ್ಲಿ ಒಂದು ಸಣ್ಣ ಲೋಹದ ಪಟ್ಟಿ ಇರುತ್ತದೆ. ಪ್ಯಾಡ್ ತೆಳ್ಳಗಾದಾಗ ಅದು ಡಿಸ್ಕ್‌ಗೆ ತಾಗಿ ಕೀಚ್ ಅನ್ನುತ್ತದೆ. ಆಗಲೂ ಸುಮ್ನೆ ಇದ್ದರೆ ಮುಂದಿನದು ಕರಕರ ಅಂತ ಅರೆಯುವ ಶಬ್ದ. ಅಷ್ಟೊತ್ತಿಗೆ ಲೈನಿಂಗ್, ಅಂದರೆ ಪ್ಯಾಡ್‌ನ ಸವೆಯುವ ಪದರ, ಪೂರ್ತಿ ಹೋಗಿ ಹಿಂದಿನ ಕಬ್ಬಿಣದ ತಗಡು ಡಿಸ್ಕನ್ನು ಕೆರೆಯುತ್ತಿರುತ್ತದೆ, ಪ್ಯಾಡ್ ಜೊತೆ ಡಿಸ್ಕಿನ ದುಡ್ಡೂ ಹೋಯಿತು ಅಂತಲೇ ಲೆಕ್ಕ.

ಹೊಸ ಪ್ಯಾಡ್‌ನ ಲೈನಿಂಗ್ ಸಾಮಾನ್ಯವಾಗಿ 10 ಮಿಲಿಮೀಟರ್ ಆಸುಪಾಸು ಇರುತ್ತದೆ. 3 ಮಿಲಿಮೀಟರ್‌ಗೆ ಬಂದರೆ ಬದಲಾಯಿಸಿ, ಇನ್ನೂ ಸ್ವಲ್ಪ ಓಡುತ್ತೆ ಅಂತ ಎಳೆಯಬೇಡಿ. ಇನ್ನೊಂದು ವಿಷಯ: ಚಕ್ರದ ಸಂದಿಯಿಂದ ಬಗ್ಗಿ ನೋಡಿದರೆ ಕಾಣುವುದು ಹೊರಗಿನ ಪ್ಯಾಡ್ ಮಾತ್ರ. ಒಳಗಿನದು ಅದಕ್ಕಿಂತ ಬೇಗ ಸವೆದಿರುವುದು ಹಳೇ ಗಾಡಿಗಳಲ್ಲಿ ತುಂಬಾ ಸಾಮಾನ್ಯ. ಹಾಗಾಗಿ ಚಕ್ರ ಬಿಚ್ಚಿಯೇ ನೋಡಬೇಕು.

ರಾತ್ರಿ ಮಳೆ ಬಂದು ಬೆಳಿಗ್ಗೆ ಗಾಡಿ ತೆಗೆದಾಗ ಒಂದೆರಡು ಸಲ ಕರ್ ಅಂದರೆ ಗಾಬರಿ ಬೇಡ. ಡಿಸ್ಕ್ ಮೇಲೆ ಕೂತ ತೆಳು ತುಕ್ಕು ಅದು, ನಾಲ್ಕು ಸಲ ಬ್ರೇಕ್ ಹಾಕಿದರೆ ಹೋಗುತ್ತದೆ.

ಎಷ್ಟು ಸಾವಿರ ಕಿಲೋಮೀಟರ್‌ಗೆ ಬದಲಾಯಿಸಬೇಕು?

ಇದಕ್ಕೆ ಒಂದೇ ಉತ್ತರ ಇಲ್ಲ. ಬೆಂಗಳೂರಿನ ಸಿಗ್ನಲ್ಲಿಂದ ಸಿಗ್ನಲ್‌ಗೆ ಓಡುವ ಗಾಡಿಯ ಪ್ಯಾಡ್, ಹುಬ್ಬಳ್ಳಿಯಿಂದ ಚಿತ್ರದುರ್ಗಕ್ಕೆ ಹೈವೇಯಲ್ಲಿ ಓಡುವ ಗಾಡಿಯ ಪ್ಯಾಡ್ ಒಂದೇ ರೀತಿ ಸವೆಯುವುದಿಲ್ಲ. ಕಿಲೋಮೀಟರ್ ಲೆಕ್ಕ ಬಿಡಿ. 10,000 ಕಿಲೋಮೀಟರ್ ಸರ್ವಿಸ್‌ಗೆ ಹೋದಾಗೆಲ್ಲ ನಾಲ್ಕೂ ಚಕ್ರ ಬಿಚ್ಚಿಸಿ ನೋಡಿಸಿ. ಟೈರ್ ರೊಟೇಶನ್ ಹೇಗೂ ಮಾಡಿಸ್ತೀರಿ ಅಲ್ವಾ, ಅದರ ಜೊತೆಗೇ ಆಗಿಹೋಗುತ್ತದೆ.

ಮುಂದೆ ಹೊಸ ಪ್ಯಾಡ್ ಹಾಕಿಸಿದ್ದೇನೆ. ಆದ್ರೂ ಬ್ರೇಕ್ ಸರಿಯಾಗಿ ಹಿಡೀತಿಲ್ಲ, ಯಾಕೆ?

ಅತಿ ಜಾಸ್ತಿ ಬರುವ ಪ್ರಶ್ನೆ ಇದು. ಹೆಚ್ಚಿನ ಸಲ ಉತ್ತರ ಇರುವುದು ಹಿಂದಿನ ಡ್ರಮ್‌ನಲ್ಲಿ. ಬ್ರೇಕ್ ಅಂದರೆ ಪ್ಯಾಡ್ ಅಂತಲೇ ನಾವು ಅಂದುಕೊಂಡಿರುತ್ತೇವೆ. ಗ್ಯಾರೇಜಿನವರೂ ಅರ್ಧ ಗಂಟೆಯಲ್ಲಿ ಮುಗಿಯುವ ಮುಂದಿನ ಕೆಲಸ ಮಾಡಿ ಕಳಿಸುತ್ತಾರೆ. ಹಿಂದಿನ ಡ್ರಮ್ ಬಿಚ್ಚೋದು ಅಂದ್ರೆ ತುಕ್ಕು ಹಿಡಿದು ಕಚ್ಚಿಕೊಂಡಿರುತ್ತದೆ, ಸುತ್ತಿಗೆ ಏಟು ಬೇಕು, ಮೈಯೆಲ್ಲ ಕಪ್ಪು ದೂಳು. ಯಾರಿಗೂ ಇಷ್ಟ ಇಲ್ಲದ ಕೆಲಸ.

ಡ್ರಮ್ ಒಳಗೆ ಪ್ಯಾಡ್ ಮಾಡುವ ಕೆಲಸವನ್ನು ಶೂ ಮಾಡುತ್ತದೆ. ಶೂ ಸವೆದ ಹಾಗೆಲ್ಲ ಡ್ರಮ್‌ಗೂ ಶೂಗೂ ನಡುವಿನ ಜಾಗ ದೊಡ್ಡದಾಗುತ್ತದೆ. ಅದನ್ನು ತಾನಾಗಿ ಸರಿದೂಗಿಸುವುದಕ್ಕೆ ಒಂದು ಅಡ್ಜಸ್ಟರ್ ಇರುತ್ತದೆ. ಹಳೇ ಗಾಡಿಯಲ್ಲಿ ದೂಳು, ಕೆಸರು ಸೇರಿ ಅದು ಜಾಮ್ ಆಗಿರುತ್ತದೆ. ಆಗ ಪೆಡಲ್ ಒತ್ತಿದರೆ ಮೊದಲು ಆ ಜಾಗ ತುಂಬಬೇಕು, ಆಮೇಲೆ ಬ್ರೇಕ್ ಹಿಡಿಯಬೇಕು. ಅದಕ್ಕೇ ಪೆಡಲ್ ಅರ್ಧ ಒಳಗೆ ಹೋದ ಮೇಲೆ ಬ್ರೇಕ್ ಸಿಗುತ್ತದೆ. ಎರಡನೇ ಸಲ ಪಂಪ್ ಮಾಡಿದರೆ ಮೇಲೇ ಹಿಡಿಯುತ್ತದೆ ಅಂದರೆ ಮೊದಲ ಅನುಮಾನ ಈ ಅಡ್ಜಸ್ಟ್‌ಮೆಂಟ್ ಮೇಲೆ, ಎರಡನೆಯದು ಬ್ರೇಕ್ ಆಯಿಲ್ ಹೋಗುವ ಪೈಪಿನಲ್ಲಿ ಗಾಳಿ ಸೇರಿರುವುದರ ಮೇಲೆ.

ಡ್ರಮ್ ಬಿಚ್ಚಿದಾಗ ನೀವೂ ಪಕ್ಕದಲ್ಲಿ ನಿಂತು ನೋಡಿ. ಮೇಲೆ, ಎರಡು ಶೂಗಳ ನಡುವೆ ಬೆರಳುದ್ದದ ವೀಲ್ ಸಿಲಿಂಡರ್ (ಆಯಿಲ್ ಒತ್ತಡದಿಂದ ಶೂಗಳನ್ನು ತಳ್ಳುವುದು) ಇರುತ್ತದೆ, ಅದರ ಎರಡೂ ತುದಿಗೆ ರಬ್ಬರ್ ಟೋಪಿ. ಆ ಟೋಪಿಯ ಅಂಚನ್ನು ಮೆಲ್ಲಗೆ ಎತ್ತಿ ನೋಡಲು ಹೇಳಿ. ಒಳಗೆ ಒದ್ದೆ ಇದ್ದರೆ ಸಿಲಿಂಡರ್ ಲೀಕ್ ಶುರುವಾಗಿದೆ, ಬದಲಾಯಿಸಿ. ಶೂ ಮೇಲೆ ಎಣ್ಣೆ ಜಿಡ್ಡು ಹರಡಿ ಗೇರ್ ಆಯಿಲ್ ವಾಸನೆ ಬಂದರೆ ಲೀಕ್ ಇರುವುದು ಆಕ್ಸಲ್ ಆಯಿಲ್ ಸೀಲ್‌ನಲ್ಲಿ, ಅಂದರೆ ಹಿಂದಿನ ಆಕ್ಸಲ್‌ನ ಗೇರ್ ಆಯಿಲ್ ಹೊರಬರದಂತೆ ತಡೆಯುವ ರಬ್ಬರ್‌ನಲ್ಲಿ. ಎಣ್ಣೆ ಕುಡಿದ ಶೂವನ್ನು ಪೆಟ್ರೋಲ್‌ನಲ್ಲಿ ತೊಳೆದು, ಸ್ಯಾಂಡ್‌ಪೇಪರ್ ಉಜ್ಜಿ ವಾಪಸ್ ಹಾಕುವವರಿದ್ದಾರೆ, ಒಪ್ಪಬೇಡಿ. ಬಿಸಿಯಾದಾಗ ಒಳಗಿನ ಎಣ್ಣೆ ಮತ್ತೆ ಹೊರಗೆ ಬರುತ್ತದೆ. ಸೀಲ್ ಹೊಸದು, ಶೂ ಹೊಸದು, ಅದೂ ಎರಡೂ ಚಕ್ರಕ್ಕೆ. ಒಂದೇ ಕಡೆ ಹೊಸದು ಹಾಕಿದರೆ ಗಾಡಿ ಒಂದು ಪಕ್ಕಕ್ಕೆ ಎಳೆಯುತ್ತದೆ.

ಬ್ರೇಕ್ ಹಾಕಿದಾಗ ಸ್ಟೀರಿಂಗ್ ನಡುಗುತ್ತೆ. ಡಿಸ್ಕ್ ಬೆಂಡ್ ಆಗಿದೆ ಅಂತಾರೆ, ನಿಜಾನಾ?

ಡಿಸ್ಕ್ ನಿಜವಾಗಿ ಬೆಂಡ್ ಆಗುವುದು ಕಮ್ಮಿ. ಹೆಚ್ಚಾಗಿ ಅದರ ದಪ್ಪ ಒಂದೇ ಸಮ ಇರುವುದಿಲ್ಲ, ಒಂದು ಕಡೆ ಜಾಸ್ತಿ, ಒಂದು ಕಡೆ ಕಮ್ಮಿ. ವ್ಯತ್ಯಾಸ ಕೂದಲೆಳೆಯಷ್ಟಿದ್ದರೂ ಕೈಗೆ ಗೊತ್ತಾಗುತ್ತದೆ. ಇನ್ನೊಂದು ಕಾರಣ ಹಬ್, ಅಂದರೆ ಚಕ್ರ ಕೂರುವ ಮಧ್ಯದ ಭಾಗದ ಮೇಲಿನ ತುಕ್ಕು. ಡಿಸ್ಕ್ ಕೂರುವ ಜಾಗವನ್ನು ವೈರ್ ಬ್ರಷ್ ಹಾಕಿ ಉಜ್ಜದೆ ಹೊಸ ಡಿಸ್ಕ್ ಕೂರಿಸಿದರೆ ಅದೂ ಓರೆಯಾಗಿಯೇ ತಿರುಗುತ್ತದೆ, ಸ್ವಲ್ಪ ದಿನಕ್ಕೆ ಮತ್ತೆ ಅದೇ ನಡುಕ. ಬ್ರೇಕ್ ಹಾಕದಿದ್ದಾಗಲೂ ನಡುಗಿದರೆ ಮಾತ್ರ ವೀಲ್ ಬ್ಯಾಲೆನ್ಸಿಂಗ್, ಬಾಲ್ ಜಾಯಿಂಟ್, ಬೇರಿಂಗ್ ಕಡೆ ನೋಡಿ.

ಡಿಸ್ಕ್ ಲೇತ್‌ಗೆ ಕೊಟ್ಟು ಟರ್ನಿಂಗ್ ಮಾಡಿಸಿದ್ರೆ ಸಾಕಾ, ಹೊಸದೇ ಬೇಕಾ?

ಡಿಸ್ಕ್ ಎಷ್ಟು ದಪ್ಪ ಉಳಿದಿದೆ ಅನ್ನೋದು ಮುಖ್ಯ. ಕನಿಷ್ಠ ದಪ್ಪ ಎಷ್ಟು ಅಂತ ಡಿಸ್ಕಿನ ಅಂಚಲ್ಲೋ ಮಧ್ಯದ ಭಾಗದಲ್ಲೋ ಅಚ್ಚೊತ್ತಿರುತ್ತದೆ, ಇಲ್ಲದಿದ್ದರೆ ಮ್ಯಾನ್ಯುಯಲ್‌ನಲ್ಲಿ ಸಿಗುತ್ತದೆ. ಟರ್ನಿಂಗ್ ಆದ ಮೇಲೂ ಅದಕ್ಕಿಂತ ದಪ್ಪ ಉಳಿಯುವುದಾದರೆ ಮಾಡಿಸಬಹುದು. ಉಳಿಯದಿದ್ದರೆ ಬೇಡ. ತೆಳು ಡಿಸ್ಕ್ ಬೇಗ ಕಾಯುತ್ತದೆ, ಬಿರುಕು ಬಿಡುತ್ತದೆ. ಬೆರಳಿನಿಂದ ಅಂಚು ಸವರಿ ನೋಡಿ, ಹೊರ ಅಂಚಲ್ಲಿ ಎತ್ತರದ ಏಣು ಕಟ್ಟಿದ್ದರೆ ಸಾಕಷ್ಟು ಸವೆದಿದೆ ಅಂತ ಅರ್ಥ. ಗಾಡಿ ಆಗಷ್ಟೇ ಓಡಿ ಬಂದಿದ್ದರೆ ಮಾತ್ರ ಮುಟ್ಟಬೇಡಿ, ಚರ್ಮ ಅಂಟಿಕೊಳ್ಳುತ್ತದೆ.

ಒಂದು ಕಡೆಗೆ ಎಳೆಯುತ್ತೆ. ಅಲೈನ್‌ಮೆಂಟ್ ಮಾಡಿಸಿದ್ರೂ ಹೋಗ್ಲಿಲ್ಲ.

ಬ್ರೇಕ್ ಹಾಕಿದಾಗ ಮಾತ್ರ ಎಳೆಯುತ್ತಾ? ಹಾಗಾದರೆ ಟೈರ್ ಗಾಳಿ ಸರಿ ಇದೆ ಅಂತ ನೋಡಿಕೊಂಡು, ನೇರ ಕ್ಯಾಲಿಪರ್‌ಗೆ, ಅಂದರೆ ಪ್ಯಾಡ್‌ಗಳನ್ನು ಡಿಸ್ಕಿಗೆ ಒತ್ತುವ ಹಿಡಿಕೆಗೆ ಬನ್ನಿ. ಕ್ಯಾಲಿಪರ್ ಎರಡು ಪಿನ್‌ಗಳ ಮೇಲೆ ಆಚೆ ಈಚೆ ಜಾರಬೇಕು. ಪಿನ್‌ನ ರಬ್ಬರ್ ಹರಿದು, ನೀರು ಹೋಗಿ, ಗ್ರೀಸ್ ಒಣಗಿದರೆ ಅದು ಅಲ್ಲೇ ಕಚ್ಚಿಕೊಳ್ಳುತ್ತದೆ. ಆ ಚಕ್ರ ಬ್ರೇಕ್ ಹಿಡಿಯುವುದೇ ಇಲ್ಲ, ಇಲ್ಲವೇ ಹಿಡಿದದ್ದು ಬಿಡುವುದಿಲ್ಲ. ಹತ್ತು ಕಿಲೋಮೀಟರ್ ಓಡಿಸಿ ನಿಲ್ಲಿಸಿ, ಚಕ್ರದ ಹತ್ತಿರ ಕೈ ಹಿಡಿದು ಶಾಖ ನೋಡಿ. ಎಡಕ್ಕೂ ಬಲಕ್ಕೂ ದೊಡ್ಡ ವ್ಯತ್ಯಾಸ ಇದ್ದರೆ ಬಿಸಿ ಇರುವ ಕಡೆ ಬ್ರೇಕ್ ಜಾಮ್.

ಪಿನ್ ತೆಗೆದು ಒರೆಸಿ ಸಿಲಿಕಾನ್ ಬ್ರೇಕ್ ಗ್ರೀಸ್ ಹಚ್ಚಬೇಕು. ಬೇರಿಂಗ್‌ಗೆ ಹಾಕುವ ಮಾಮೂಲಿ ಗ್ರೀಸ್ ಹಚ್ಚಿದರೆ ರಬ್ಬರ್ ಊದಿಕೊಂಡು ಇನ್ನೂ ಕೆಡುತ್ತದೆ. ಪಿನ್ ಸರಿ ಇದ್ದು, ಪ್ಯಾಡ್ ತಳ್ಳುವ ಪಿಸ್ಟನ್ ಜಾಮ್ ಆಗಿದ್ದರೆ ಸೀಲ್ ಕಿಟ್ ಹಾಕಿಸಿ. ಅದೂ ಸರಿ ಇದ್ದರೆ ಕ್ಯಾಲಿಪರ್‌ಗೆ ಬ್ರೇಕ್ ಆಯಿಲ್ ತರುವ ರಬ್ಬರ್ ಹೋಸ್. ಹೊರಗಿಂದ ಚೆನ್ನಾಗಿ ಕಂಡರೂ ಒಳಗೆ ಊದಿ ದಾರಿ ಮುಚ್ಚಿರುತ್ತದೆ. ಒತ್ತಿದಾಗ ಆಯಿಲ್ ಹೋಗುತ್ತದೆ, ಬಿಟ್ಟಾಗ ವಾಪಸ್ ಬರುವುದಿಲ್ಲ. ಹತ್ತು ವರ್ಷ ದಾಟಿದ ಗಾಡಿಯಲ್ಲಿ ಮೂಲ ಹೋಸ್‌ಗಳೇ ಇದ್ದರೆ ಎಲ್ಲವನ್ನೂ ಒಟ್ಟಿಗೆ ಬದಲಾಯಿಸುವುದು ಒಳ್ಳೆಯದು, ನನ್ನ ಮಟ್ಟಿಗೆ ಇದು ಹೊಸ ಸೀಟ್ ಕವರ್‌ಗಿಂತ ಎಷ್ಟೋ ಮೊದಲು ಮಾಡಬೇಕಾದ ಖರ್ಚು.

ಬ್ರೇಕ್ ಆಯಿಲ್ ಕಮ್ಮಿ ಆಗಿದೆ. ಟಾಪ್ ಅಪ್ ಮಾಡಿದ್ರೆ ಸಾಕಲ್ವಾ?

ಪ್ಯಾಡ್ ಸವೆದ ಹಾಗೆ ಪಿಸ್ಟನ್ ಮುಂದೆ ಬರುತ್ತದೆ, ಅದರ ಹಿಂದಿನ ಜಾಗಕ್ಕೆ ಆಯಿಲ್ ಇಳಿಯುತ್ತದೆ. ಹಾಗಾಗಿ ಬಾನೆಟ್ ಕೆಳಗಿನ ಬ್ರೇಕ್ ಆಯಿಲ್ ಡಬ್ಬಿಯಲ್ಲಿ ಮಟ್ಟ ನಿಧಾನ ಇಳಿದರೆ ಮೊದಲು ಪ್ಯಾಡ್ ನೋಡಿ. ದಿಢೀರ್ ಇಳಿದರೆ ಲೀಕ್ ಇದೆ, ಟಾಪ್ ಅಪ್ ಮಾಡಿ ಓಡಿಸುವ ಮಾತೇ ಇಲ್ಲ.

ಇದಕ್ಕಿಂತ ಮುಖ್ಯ, ಬ್ರೇಕ್ ಆಯಿಲ್ ಗಾಳಿಯಲ್ಲಿರುವ ತೇವ ಹೀರಿಕೊಳ್ಳುತ್ತದೆ. ತೇವ ಸೇರಿದಷ್ಟೂ ಬೇಗ ಕುದಿಯುತ್ತದೆ. ಬ್ರೇಕ್ ಆಯಿಲ್ ದರ್ಜೆಗಳಿಗೆ ಡಾಟ್ 3, ಡಾಟ್ 4 ಅಂತ ಹೆಸರು. ಡಾಟ್ 3 ಹೊಸದಿದ್ದಾಗ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಅಂತ ಮಾನದಂಡ. ತೇವ ಹೀರಿದ ಮೇಲೆ ಆ ಮಿತಿ 140. ಡಾಟ್ 4ಗೆ ಇದು 230 ಮತ್ತು 155. ಕರಾವಳಿ, ಮಲೆನಾಡಿನ ಮಳೆಗಾಲದಲ್ಲಿ ಗಾಳಿಯಲ್ಲಿ ತೇವಕ್ಕೇನು ಕಮ್ಮಿ? ಕುದಿದರೆ ಪೈಪಲ್ಲಿ ಆವಿ ತುಂಬುತ್ತದೆ, ಆವಿ ಒತ್ತಿದರೆ ಕುಗ್ಗುತ್ತದೆ, ಪೆಡಲ್ ನೆಲಕ್ಕೆ ಹೋಗುತ್ತದೆ. ಹೊಸ ಪ್ಯಾಡ್ ಇದ್ದೂ ಬ್ರೇಕ್ ಫೇಲ್ ಆಗುವುದು ಹೀಗೆ.

ಎರಡು ವರ್ಷಕ್ಕೊಮ್ಮೆ ಪೂರ್ತಿ ಬದಲಾಯಿಸಿ, ಗಾಡಿ ಓಡಿರಲಿ, ಶೆಡ್ಡಲ್ಲೇ ನಿಂತಿರಲಿ. ಯಾವುದು ಹಾಕಬೇಕು ಅಂತ ಡಬ್ಬಿಯ ಮುಚ್ಚಳದ ಮೇಲೇ ಬರೆದಿರುತ್ತದೆ. ಡಾಟ್ 5 ಸಿಲಿಕಾನ್, ಅದನ್ನು ಇವುಗಳ ಜೊತೆ ಬೆರೆಸಲೇಬಾರದು. ಡಾಟ್ 5.1 ಸಿಲಿಕಾನ್ ಅಲ್ಲ, ಡಾಟ್ 3, 4ರ ಜಾತಿಯದೇ, ಹೆಸರು ನೋಡಿ ಮೋಸ ಹೋಗಬೇಡಿ. ಸೀಲ್ ಒಡೆದು ವರ್ಷಗಟ್ಟಲೆ ಇಟ್ಟ ಬಾಟಲಿಯ ಆಯಿಲ್ ಹಾಕಿಸಬೇಡಿ. ಪೇಂಟ್ ಮೇಲೆ ಚೆಲ್ಲಿದರೆ ತಕ್ಷಣ ನೀರು ಹಾಕಿ, ಇಲ್ಲದಿದ್ದರೆ ಬಣ್ಣ ಎದ್ದು ಬರುತ್ತದೆ.

ಪೈಪಿನಲ್ಲಿ ಸೇರಿದ ಏರ್ ತೆಗೆಯುವಾಗ ಸಾಮಾನ್ಯ ಕ್ರಮ, ಮಾಸ್ಟರ್ ಸಿಲಿಂಡರ್‌ಗೆ (ಪೆಡಲ್ ಒತ್ತಿದಾಗ ಆಯಿಲನ್ನು ಚಕ್ರಗಳಿಗೆ ತಳ್ಳುವುದು) ಅತಿ ದೂರದ ಚಕ್ರದಿಂದ ಶುರು. ನಮ್ಮ ಗಾಡಿಗಳಲ್ಲಿ ಅದು ಎಡ ಹಿಂದಿನದು, ಕೊನೆಗೆ ಬಲ ಮುಂದಿನದು. ಎಬಿಎಸ್ (ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಇದ್ದರೆ ಮ್ಯಾನ್ಯುಯಲ್ ಹೇಳಿದಂತೆ.

ಘಾಟಿ ಇಳಿಯುವಾಗ ಸುಟ್ಟ ವಾಸನೆ ಬಂತು. ಬ್ರೇಕ್ ಹೋಯ್ತಾ?

ವಾಸನೆ ಬಂದರೆ ಪ್ಯಾಡ್ ಅತಿಯಾಗಿ ಕಾದಿದೆ. ಅಗಲ ಇರುವ ಜಾಗ ನೋಡಿ ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಡಿ, ಹ್ಯಾಂಡ್ ಬ್ರೇಕ್ ಎಳೆಯದೆ ಗೇರಲ್ಲಿ ಬಿಡಿ, ಅರ್ಧ ಗಂಟೆ ಆರಲಿ. ನೀರು ಸುರಿಯಬೇಡಿ, ಕಾದ ಡಿಸ್ಕ್ ಬಿರುಕು ಬಿಡುತ್ತದೆ.

ಆಗುಂಬೆಯ ಹೇರ್‌ಪಿನ್ ತಿರುವುಗಳಿರಲಿ, ಚಾರ್ಮಾಡಿ, ಶಿರಾಡಿ ಇರಲಿ, ಹಳೇ ಡ್ರೈವರ್‌ಗಳು ಹೇಳುವ ಮಾತು ಇವತ್ತಿಗೂ ಸರಿ: ಯಾವ ಗೇರಲ್ಲಿ ಹತ್ತುತ್ತೀರೋ ಅದೇ ಗೇರಲ್ಲಿ ಇಳಿಯಿರಿ. ಬ್ರೇಕ್ ಮೇಲೆ ಕಾಲಿಟ್ಟುಕೊಂಡೇ ಇಳಿಯಬೇಡಿ. ಒಂದು ಸಲ ಗಟ್ಟಿಯಾಗಿ ಒತ್ತಿ ವೇಗ ಇಳಿಸಿ, ಪೂರ್ತಿ ಬಿಡಿ, ಎಂಜಿನ್ ಹಿಡಿದುಕೊಳ್ಳಲಿ, ಬೇಕಾದಾಗ ಮತ್ತೆ ಒತ್ತಿ. ಡೀಸೆಲ್ ಉಳಿಸೋಕೆ ನ್ಯೂಟ್ರಲ್‌ನಲ್ಲಿ ಇಳಿಸುವವರಿಗೆ ಒಂದು ಮಾತು, ಕಾಮನ್ ರೈಲ್ ಎಂಜಿನ್ (ಡೀಸೆಲ್ ಎಷ್ಟು ಬಿಡಬೇಕು ಅಂತ ಕಂಪ್ಯೂಟರ್ ನಿರ್ಧರಿಸುವಂಥದ್ದು) ಗೇರಲ್ಲಿದ್ದು ನೀವು ಆಕ್ಸಿಲರೇಟರ್ ಬಿಟ್ಟರೆ ಅದು ಡೀಸೆಲ್ ಪೂರ್ತಿ ನಿಲ್ಲಿಸುತ್ತದೆ. ನ್ಯೂಟ್ರಲ್‌ನಲ್ಲಿ ಐಡ್ಲಿಂಗ್‌ಗೆ ಕುಡಿಯುತ್ತಲೇ ಇರುತ್ತದೆ. ಉಳಿತಾಯವೂ ಇಲ್ಲ, ಎಂಜಿನ್ ಬ್ರೇಕೂ ಇಲ್ಲ. ಎಂಜಿನ್ ಆಫ್ ಮಾಡಿ ಇಳಿಸುವವರಿಗೆ ಬೂಸ್ಟರ್ (ಕಾಲಿನ ಒತ್ತಡಕ್ಕೆ ಬಲ ಕೂಡಿಸುವ ಭಾಗ) ಮತ್ತು ಪವರ್ ಸ್ಟೀರಿಂಗ್ ಎರಡೂ ಕೈಕೊಡುತ್ತವೆ.

ಪೆಡಲ್ ಕಲ್ಲಿನ ಹಾಗೆ ಗಟ್ಟಿ ಆಗಿದೆ. ಇನ್ನು ಕೆಲವು ಸಲ ಒತ್ತಿ ಹಿಡಿದ್ರೆ ನಿಧಾನಕ್ಕೆ ಇಳಿಯುತ್ತೆ.

ಎರಡೂ ಬೇರೆ ಬೇರೆ ರೋಗ. ಗಟ್ಟಿಯಾದರೆ ಬೂಸ್ಟರ್‌ಗೆ ವ್ಯಾಕ್ಯೂಮ್ ಸಿಗುತ್ತಿಲ್ಲ. ಡೀಸೆಲ್ ಎಂಜಿನ್‌ನಲ್ಲಿ ಇದಕ್ಕೆ ಬೇರೆ ಪಂಪ್ ಇರುತ್ತದೆ, ಹಲವು ಹಳೇ ಗಾಡಿಗಳಲ್ಲಿ ಆಲ್ಟರ್ನೇಟರ್ ಹಿಂದೆಯೇ. ಪರೀಕ್ಷೆ ಸುಲಭ. ಎಂಜಿನ್ ಆಫ್ ಮಾಡಿ ಪೆಡಲ್ ಗಟ್ಟಿಯಾಗುವವರೆಗೆ ನಾಲ್ಕೈದು ಸಲ ಒತ್ತಿ, ಒತ್ತಿ ಹಿಡಿದೇ ಸ್ಟಾರ್ಟ್ ಮಾಡಿ. ಪೆಡಲ್ ಸ್ವಲ್ಪ ಕೆಳಗೆ ಇಳಿಯಬೇಕು. ಇಳಿಯದಿದ್ದರೆ ಪಂಪ್, ವ್ಯಾಕ್ಯೂಮ್ ಪೈಪ್, ಬೂಸ್ಟರ್, ಈ ಮೂರನ್ನೂ ನೋಡಿಸಿ.

ಸಿಗ್ನಲ್‌ನಲ್ಲಿ ಒತ್ತಿ ಹಿಡಿದಾಗ ಪೆಡಲ್ ನಿಧಾನ ನೆಲದ ಕಡೆ ಹೋಗುತ್ತದೆ, ಹೊರಗೆಲ್ಲೂ ಲೀಕ್ ಕಾಣುತ್ತಿಲ್ಲ ಅಂದರೆ ಮಾಸ್ಟರ್ ಸಿಲಿಂಡರ್ ಒಳಗಿನ ವಾಷರ್ ಹೋಗಿದೆ. ಈ ಗಾಡಿಯನ್ನು ಓಡಿಸಿಕೊಂಡು ಗ್ಯಾರೇಜಿಗೆ ಹೋಗುವ ಬದಲು ಮೆಕ್ಯಾನಿಕ್‌ನನ್ನೇ ಮನೆಗೆ ಕರೆಸಿ.

ಮನೆಯಲ್ಲೇ ಪ್ಯಾಡ್ ಬದಲಾಯಿಸಬಹುದಾ?

ಸ್ಟೆಪ್ನಿ ಬದಲಾಯಿಸೋಕೆ ಬರುತ್ತೆ, ಸ್ಪ್ಯಾನರ್ ಹಿಡಿದು ಅಭ್ಯಾಸ ಇದೆ ಅಂದರೆ ಮುಂದಿನ ಪ್ಯಾಡ್ ಮಾಡಬಹುದು. ಡ್ರಮ್ ಕೆಲಸವನ್ನು ಮೊದಲ ಸಲ ಗೊತ್ತಿದ್ದವರ ಜೊತೆ ಮಾಡಿ, ಸ್ಪ್ರಿಂಗ್ ಯಾವುದು ಎಲ್ಲಿತ್ತು ಅಂತ ಮರೆತರೆ ಕಷ್ಟ. ಫೋಟೋ ತೆಗೆದುಕೊಳ್ಳಿ, ಒಂದು ಕಡೆ ಮುಗಿಸಿ ಇನ್ನೊಂದು ಕಡೆ ಬಿಚ್ಚಿ.

ಸಮತಟ್ಟು ನೆಲ ಇರಲಿ. ಹಿಂದಿನ ಚಕ್ರಕ್ಕೆ ಎರಡೂ ಕಡೆ ಕಲ್ಲು. ಗಾಡಿಯ ಜೊತೆ ಬಂದ ಜಾಕಿಯನ್ನು ನಂಬಿ ಕೆಳಗೆ ಕೈ ಹಾಕಬೇಡಿ, ಚಾಸಿ ಕೆಳಗೆ ಸ್ಟ್ಯಾಂಡ್ ಕೊಡಿ. ಕ್ಯಾಲಿಪರ್ ಬಿಚ್ಚಿದ ಮೇಲೆ ಹೋಸ್ ಮೇಲೆ ನೇತಾಡಲು ಬಿಡದೆ ತಂತಿಯಲ್ಲಿ ಸ್ಪ್ರಿಂಗ್‌ಗೆ ಕಟ್ಟಿ. ಹಳೇ ಪ್ಯಾಡನ್ನೇ ಅಡ್ಡ ಇಟ್ಟು ಸಿ ಕ್ಲಾಂಪ್‌ನಿಂದ ಪಿಸ್ಟನ್ ನಿಧಾನಕ್ಕೆ ಒಳಗೆ ಒತ್ತಿ. ಆಗ ಮೇಲಿನ ಡಬ್ಬಿಯಲ್ಲಿ ಆಯಿಲ್ ಏರಿ ಚೆಲ್ಲಬಹುದು, ಮೊದಲೇ ಸಿರಿಂಜ್‌ನಲ್ಲಿ ಸ್ವಲ್ಪ ತೆಗೆದಿಡಿ. ದೂಳನ್ನು ಏರ್ ಹೊಡೆದು ಹಾರಿಸಬೇಡಿ, ಉಸಿರಿಗೆ ಒಳ್ಳೆಯದಲ್ಲ, ಬ್ರೇಕ್ ಕ್ಲೀನರ್ ಹಾಕಿ ಒರೆಸಿ. ಪ್ಯಾಡ್ ಮೇಲ್ಮೈಗೂ ಡಿಸ್ಕ್‌ಗೂ ಗ್ರೀಸ್ ಕೈ ತಾಗಬಾರದು.

ಎಲ್ಲ ಮುಗಿದ ಮೇಲೆ, ಗಾಡಿ ಅಲುಗಾಡಿಸುವ ಮೊದಲು, ಪೆಡಲ್ ಗಟ್ಟಿಯಾಗುವವರೆಗೆ ಪಂಪ್ ಮಾಡಿ. ಒಳಗೆ ತಳ್ಳಿದ ಪಿಸ್ಟನ್ ಇನ್ನೂ ಪ್ಯಾಡ್‌ವರೆಗೆ ಬಂದಿರುವುದಿಲ್ಲ, ಪಂಪ್ ಮಾಡದೆ ರಿವರ್ಸ್ ತೆಗೆದರೆ ಗೇಟಿಗೋ ಗೋಡೆಗೋ ಹೋಗಿ ನಿಲ್ಲುತ್ತದೆ.

ಹೊಸ ಪ್ಯಾಡ್ ಹಾಕಿದ ಮೇಲೆ ಬ್ರೇಕ್ ಇನ್ನೂ ಕಮ್ಮಿ ಅನ್ಸುತ್ತೆ.

ಪ್ಯಾಡ್ ಡಿಸ್ಕ್‌ಗೆ ಹೊಂದಿಕೊಳ್ಳಬೇಕು. ಖಾಲಿ ರಸ್ತೆಯಲ್ಲಿ 50–60 ಕಿಲೋಮೀಟರ್ ವೇಗದಿಂದ 15ಕ್ಕೆ ಹದವಾಗಿ ಇಳಿಸಿ, ಪೂರ್ತಿ ನಿಲ್ಲಿಸಬೇಡಿ. ಎಂಟು ಹತ್ತು ಸಲ ಹೀಗೆ, ನಡುವೆ ಆರಲು ಬಿಟ್ಟು. ಆಮೇಲೆ ಮೊದಲ 200–300 ಕಿಲೋಮೀಟರ್ ಅನಿವಾರ್ಯ ಇಲ್ಲದಿದ್ದರೆ ಜೋರು ಬ್ರೇಕ್ ಬೇಡ. ಹೊಸ ಪ್ಯಾಡ್ ಹಾಕಿಸಿದ ದಿನವೇ ಧರ್ಮಸ್ಥಳಕ್ಕೆ ಹೊರಡುವುದು ಬೇಡ.

ಮಳೆಗಾಲದಲ್ಲಿ ಹ್ಯಾಂಡ್ ಬ್ರೇಕ್ ಹಾಕಿ ನಿಲ್ಲಿಸಿದ್ರೆ ಚಕ್ರ ಕಚ್ಚಿಕೊಳ್ಳುತ್ತೆ.

ಒದ್ದೆ ಶೂ ಡ್ರಮ್‌ಗೆ ತುಕ್ಕು ಹಿಡಿದು ಅಂಟಿರುತ್ತದೆ. ವಾರಗಟ್ಟಲೆ ನಿಲ್ಲಿಸುವುದಾದರೆ ಸಮತಟ್ಟು ಜಾಗದಲ್ಲಿ ಗೇರ್ ಹಾಕಿ, ಕಲ್ಲು ಕೊಟ್ಟು, ಹ್ಯಾಂಡ್ ಬ್ರೇಕ್ ಬಿಟ್ಟಿಡಿ. ತೋಟದ ಕೆಸರಲ್ಲಿ, ಹಳ್ಳದ ನೀರಲ್ಲಿ ಓಡಿಸಿ ಬಂದರೆ ಒಳಭಾಗಕ್ಕೆ ನೀರು ಹಾಯಿಸಿ ತೊಳೆಯಿರಿ, ಆಮೇಲೆ ಸ್ವಲ್ಪ ದೂರ ಮೆಲ್ಲಗೆ ಬ್ರೇಕ್ ಒತ್ತಿಕೊಂಡು ಓಡಿಸಿದರೆ ಡ್ರಮ್ ಒಣಗುತ್ತದೆ.

ಒರಿಜಿನಲ್ ಪಾರ್ಟ್ಸೇ ಬೇಕಾ? ಲೋಕಲ್ ಅರ್ಧ ದರಕ್ಕೆ ಸಿಗುತ್ತೆ.

ಕಂಪನಿ ಡಬ್ಬಿಯದ್ದೇ ಆಗಬೇಕು ಅಂತಿಲ್ಲ. ಬಾಷ್, ರಾಣೆ ತರಹದ ಹೆಸರಿರುವ ಬ್ರ್ಯಾಂಡಿನದು ಆದರೂ ಸರಿ. ಹೆಸರಿಲ್ಲದ ಪ್ಲಾಸ್ಟಿಕ್ ಕವರಿನ ಪ್ಯಾಡ್ ಬೇಡವೇ ಬೇಡ. ಬೆಂಗಳೂರಿನ ಜೆ.ಸಿ. ರಸ್ತೆಯಂಥ ಕಡೆ ತರುವುದಾದರೆ ಗಾಡಿಯ ಮಾಡೆಲ್ ವರ್ಷ, ಚಾಸಿ ನಂಬರ್ ಬರೆದುಕೊಂಡು ಹೋಗಿ, ಹಳೇ ಪ್ಯಾಡ್ ಕೈಯಲ್ಲಿದ್ದರೆ ಇನ್ನೂ ಒಳ್ಳೆಯದು. ಬಿಲ್ ಕೇಳಿ. ಬಿಲ್ ಕೊಡಲ್ಲ ಅಂದರೆ ಪಕ್ಕದ ಅಂಗಡಿ ಇದೆ.

ದಪ್ಪ ಟೈರ್ ಹಾಕಿಸಿದ್ದೇನೆ. ಬ್ರೇಕ್‌ಗೆ ಏನಾದ್ರೂ ತೊಂದ್ರೆನಾ?

ಹೌದು. ಚಕ್ರ ಭಾರ ಮತ್ತು ಎತ್ತರ ಆದಷ್ಟೂ ನಿಲ್ಲಿಸೋಕೆ ಬ್ರೇಕ್ ಜಾಸ್ತಿ ದುಡಿಯಬೇಕು. ಸ್ಪೀಡೋಮೀಟರ್ ಕೂಡ ನಿಜಕ್ಕಿಂತ ಕಮ್ಮಿ ತೋರಿಸುತ್ತದೆ. ಮೂಲ ಸೈಜಿಗೆ ವಾಪಸ್ ಬನ್ನಿ ಅಂತ ಹೇಳಿದರೆ ನೀವು ಕೇಳುವುದಿಲ್ಲ ಅಂತ ಗೊತ್ತು, ಆದರೂ ಹೇಳಿದ್ದೇನೆ.

ಚಕ್ರ ಬಿಚ್ಚಿದಾಗಲೇ ಇನ್ನೇನು ನೋಡಿಸಬೇಕು?

ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ. ಆಟ ಇದ್ದರೆ ಬೇರಿಂಗ್ ಅಥವಾ ಬಾಲ್ ಜಾಯಿಂಟ್, ಎಡ ಬಲಕ್ಕೆ ಆಡಿದರೆ ಟೈ ರಾಡ್. ಟೈರ್ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ, 2318 ಅಂದರೆ 2018ರ 23ನೇ ವಾರ ತಯಾರಾದದ್ದು. ಟೈರಿನ ಹಲ್ಲು (ಟ್ರೆಡ್) ಎಷ್ಟೇ ಉಳಿದಿದ್ದರೂ ಗಟ್ಟಿಯಾಗಿ ಬಿರುಕು ಬಿಟ್ಟ ಟೈರ್ ರಸ್ತೆ ಹಿಡಿಯುವುದಿಲ್ಲ. ಬ್ರೇಕ್ ಚಕ್ರವನ್ನು ನಿಲ್ಲಿಸುತ್ತದೆ ಅಷ್ಟೇ, ಗಾಡಿಯನ್ನು ನಿಲ್ಲಿಸುವುದು ಟೈರ್.

ಬೊಲೆರೊದಂಥ ಲೀಫ್ ಸ್ಪ್ರಿಂಗ್ ಗಾಡಿಯಲ್ಲಿ ಸ್ಪ್ರಿಂಗ್ ತುದಿಯನ್ನು ಚಾಸಿಗೆ ಸೇರಿಸುವ ಶ್ಯಾಕಲ್ ಬುಷ್ ನೋಡಿ, ಗ್ರೀಸ್ ನಿಪ್ಪಲ್ ಇರುವ ಕಡೆಯೆಲ್ಲ ಗ್ರೀಸ್ ಹೊಡೆಸಿ, ಹಿಂದಿನ ಆಕ್ಸಲ್‌ಗೆ ಶಕ್ತಿ ಒಯ್ಯುವ ಪ್ರೊಪೆಲ್ಲರ್ ಶಾಫ್ಟ್‌ನ ಕ್ರಾಸ್ ಮರೆಯಬೇಡಿ. ಡಿಫರೆನ್ಶಿಯಲ್ (ಹಿಂದಿನ ಆಕ್ಸಲ್ ನಡುವಿನ ಗೇರ್ ಪೆಟ್ಟಿಗೆ) ಆಯಿಲ್ ಕೊನೆಗೆ ಯಾವಾಗ ಬದಲಾಯಿಸಿದ್ದು ಅಂತ ನೆನಪಿಲ್ಲದಿದ್ದರೆ ಈಗಲೇ ಬದಲಾಯಿಸಿ. ಅದರ ಗಾಳಿ ಕಿಂಡಿ ಮುಚ್ಚಿದ್ದರೆ ಒಳಗೆ ಒತ್ತಡ ಹೆಚ್ಚಿ ಆಕ್ಸಲ್ ಸೀಲ್‌ನಿಂದ ಆಯಿಲ್ ಹೊರಬಂದು ಶೂ ಮೇಲೆ ಬೀಳುತ್ತದೆ. ಹೊಸ ಸೀಲ್ ಹಾಕಿದರೂ ಮತ್ತೆ ಮತ್ತೆ ಲೀಕ್ ಆಗುವ ಗಾಡಿಗಳಲ್ಲಿ ಈ ಕಿಂಡಿ ನೋಡಿಸಿ, ಐದು ನಿಮಿಷದ ಕೆಲಸ.

ಗಾಡಿಗೆ 15 ವರ್ಷ ತುಂಬ್ತಾ ಇದೆ. ಆರ್‌ಸಿ ರಿನ್ಯೂ ಮಾಡಿಸೋಕೆ ಬ್ರೇಕ್ ನೋಡ್ತಾರಾ?

ನೋಡುತ್ತಾರೆ. ಖಾಸಗಿ ಗಾಡಿಯ ನೋಂದಣಿ 15 ವರ್ಷಕ್ಕೆ, ಆಮೇಲೆ ಐದೈದು ವರ್ಷಕ್ಕೆ ರಿನ್ಯೂವಲ್. ಗಾಡಿಯನ್ನು ತಪಾಸಣೆಗೆ ಒಯ್ಯಬೇಕು. ಅವಧಿ ಮುಗಿಯುವುದಕ್ಕೆ ಮುಂಚಿನ 60 ದಿನದಲ್ಲಿ ಅರ್ಜಿ ಹಾಕಬಹುದು, ಅದಕ್ಕೆ ಮೊದಲೇ ಬ್ರೇಕ್, ಹ್ಯಾಂಡ್ ಬ್ರೇಕ್, ಬ್ರೇಕ್ ಲೈಟ್ ಮೂರೂ ಸರಿ ಮಾಡಿಸಿ. ಬ್ರೇಕ್ ಲೈಟ್ ಸ್ವಿಚ್ ಸಣ್ಣ ವಸ್ತು, ಅದಕ್ಕಾಗಿ ಎರಡನೇ ಸಲ ಸಾಲಲ್ಲಿ ನಿಲ್ಲುವುದು ಬೇಡ.

ಗ್ಯಾರೇಜಿನವರು ಹೇಳಿದ್ದೆಲ್ಲ ನಿಜವಾಗಿ ಬದಲಾಯಿಸಿದ್ದಾರಾ ಅಂತ ತಿಳಿಯೋದು ಹೇಗೆ?

ಗಾಡಿ ಬಿಡುವಾಗಲೇ ಹಳೇ ಪಾರ್ಟ್ಸ್ ವಾಪಸ್ ಬೇಕು ಅಂತ ಹೇಳಿ, ಮುಗಿದ ಮೇಲೆ ಕೇಳಿದರೆ ಕಸಕ್ಕೆ ಹೋಯ್ತು ಅಂತಾರೆ. ಬಿಲ್‌ನಲ್ಲಿ ಪಾರ್ಟ್ಸ್ ಬೇರೆ, ಕೂಲಿ ಬೇರೆ ಇರಲಿ. ಬ್ರೇಕ್ ಆಯಿಲ್ ಬದಲಾಯಿಸಿದೆ ಅಂದರೆ ಡಬ್ಬಿಯ ಮುಚ್ಚಳ ತೆಗೆದು ಬಣ್ಣ ನೋಡಿ, ಹೊಸದು ತಿಳಿ ಹಳದಿ ಇರುತ್ತದೆ, ಹಳೆಯದು ಕಾಫಿ ಬಣ್ಣಕ್ಕೆ ತಿರುಗಿರುತ್ತದೆ. ಡ್ರಮ್ ಬಿಚ್ಚಿದ್ದಾರಾ ಅನ್ನೋದಕ್ಕೆ ವೀಲ್ ನಟ್ ಮೇಲಿನ ಕೆಸರು ನೋಡಿ, ಅದು ಹಾಗೇ ಇದ್ದರೆ ಬಿಚ್ಚಿಲ್ಲ.